ಜಿಪಿಯು ಅಂದ್ರೆ ರಾಗಿ ಕಣವ್ವ!

ವೀಕ್ಷಕರೇ, ಇವತ್ತು ನನಗೇ ಆದ ಒಂದು ಪೇಚಿನ ಪ್ರಸಂಗದಿಂದ ಶುರು ಮಾಡ್ತೀನಿ.

ತುಮಕೂರು ಜಿಲ್ಲೆಯ ಒಂದು ರಾಗಿ ಖರೀದಿ ಕೇಂದ್ರ. ಬೆಳಗ್ಗೆ ಎಂಟು ಗಂಟೆಗೇ ಟ್ರ್ಯಾಕ್ಟರ್‌ಗಳ ಸಾಲು ರಸ್ತೆ ತಿರುವು ದಾಟಿತ್ತು. ಲೈವ್ ಕೊಡಲು ಮೈಕ್ ಹಿಡಿದು ನಿಂತಿದ್ದೆ. ಮೂಟೆಗಳ ಮೇಲೆ ಕೂತಿದ್ದ ಹಿರಿಯ ರೈತರೊಬ್ಬರನ್ನು ಕೇಳಿದೆ: "ಯಜಮಾನ್ರೇ, ಈ ಸಲ ಏನು ಬೆಳೆದಿದ್ದೀರಿ?"

"ಜಿಪಿಯು ಕಣವ್ವ."

ನಾನು ಓದಿದ್ದು ಎಂಜಿನಿಯರಿಂಗ್. ಜಿಪಿಯು ಅಂದರೆ ನನಗೆ ಗೊತ್ತಿದ್ದುದು ಒಂದೇ, ಕಂಪ್ಯೂಟರ್ ಒಳಗಿನ ಗ್ರಾಫಿಕ್ಸ್ ಚಿಪ್. ಕ್ಯಾಮೆರಾ ಮುಂದೆಯೇ "ಏನು, ಚಿಪ್ಪಾ?" ಅಂದುಬಿಟ್ಟೆ. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. "ಅದೇನೋ ನಂಗೊತ್ತಿಲ್ಲ. ಇದು ರಾಗಿ ಕಣವ್ವ. ಜಿಪಿಯು ಇಪ್ಪತ್ತೆಂಟು" ಅಂತ ಹೇಳಿ, ಮೂಟೆ ಬಿಚ್ಚಿ ಒಂದು ಹಿಡಿ ರಾಗಿ ನನ್ನ ಕೈಗೆ ಸುರಿದರು.

ಅವತ್ತು ರಾತ್ರಿ ಸ್ಟುಡಿಯೋದಲ್ಲಿ ಬೆಂಬಲ ಬೆಲೆ ಬಗ್ಗೆ ಒಂದು ಗಂಟೆ ಚರ್ಚೆ ಮಾಡಿದೆವು. ಕೂಗಾಡಿದೆವು. ಆದರೆ ಆ ರಾಗಿ ಎಲ್ಲಿಂದ ಬಂತು, ಆ ತಳಿಯನ್ನು ಯಾರು ಮಾಡಿದರು ಅಂತ ನಾನೂ ಕೇಳಲಿಲ್ಲ, ಪ್ಯಾನೆಲ್‌ನಲ್ಲಿ ಕೂತ ನಾಲ್ವರಲ್ಲಿ ಒಬ್ಬರೂ ಕೇಳಲಿಲ್ಲ. ಆಮೇಲೆ ಹುಡುಕಿಕೊಂಡು ಹೋದೆ. ಸಿಕ್ಕ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಒಂದು ಮಾತು. ರಾಗಿ ನಮ್ಮದು, ಅಪ್ಪಟ ಕನ್ನಡ ಮಣ್ಣಿನದು ಅಂತ ನಾವು ಎದೆ ತಟ್ಟಿಕೊಳ್ತೀವಿ. ಆದರೆ ಅದರ ತವರು ಪೂರ್ವ ಆಫ್ರಿಕಾ. ಇಥಿಯೋಪಿಯಾ, ಉಗಾಂಡದ ಎತ್ತರದ ಪ್ರದೇಶಗಳಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಧಾನ್ಯ ಇದು. ಇವತ್ತಿಗೂ ಕೀನ್ಯಾ, ತಾಂಜಾನಿಯಾದ ಹಳ್ಳಿಗಳಲ್ಲಿ ಇದನ್ನು ಬೆಳೀತಾರೆ. ಸ್ವಾಹಿಲಿಯಲ್ಲಿ ಅದರ ಹೆಸರು 'ವಿಂಬಿ'. ನಾವು ಅಂಬಲಿ ಕುಡಿದ ಹಾಗೆ ಅವರು ಅದರ ಗಂಜಿ ಕುಡೀತಾರೆ. ಇಲ್ಲೂ ಅಲ್ಲೂ ರಾಗಿ ಬೆಳೆಯುವವರು ಒಂದೇ ತರಹದ ಜನ. ಸಣ್ಣ ಹಿಡುವಳಿ, ಮಳೆ ನಂಬಿದ ಬೇಸಾಯ, ಮನೆಯ ಊಟಕ್ಕೆ ಆಗಿ ಮಿಕ್ಕರೆ ಸಂತೆಗೆ.

ಈ ಬೆಳೆಗೆ ಎರಡೂ ಕಡೆ ಒಬ್ಬನೇ ಶತ್ರು. ಬೆಂಕಿ ರೋಗ. ಇದೊಂದು ಶಿಲೀಂಧ್ರ. ಎಲೆಗೆ ಬಂದರೆ ಹೇಗೋ ತಡೆದುಕೊಳ್ಳಬಹುದು. ತೆನೆಯ ಕುತ್ತಿಗೆಗೆ, ಇಲುಕಿಗೆ ಬಂತೋ, ಕಾಳು ತುಂಬುವ ಹೊತ್ತಿಗೆ ಸರಿಯಾಗಿ ಆಹಾರದ ದಾರಿಯೇ ಕಡಿದುಹೋಗುತ್ತದೆ. ದೂರದಿಂದ ತೆನೆ ಚೆನ್ನಾಗೇ ಕಾಣುತ್ತೆ. ಕಣಕ್ಕೆ ತಂದು ಬಡಿದರೆ ಬರೀ ಜೊಳ್ಳು.

ಔಷಧಿ ಹೊಡೆಯಬಹುದಲ್ಲ ಅಂತೀರಾ? ಎರಡು ಎಕರೆ ಖುಷ್ಕಿ ರಾಗಿಗೆ ಔಷಧಿಯ ದುಡ್ಡನ್ನು ಯಾರು ಹಾಕ್ತಾರೆ ಹೇಳಿ. ಬಡ ರೈತನಿಗೆ ಕೈಗೆಟಕುವ ಔಷಧಿ ಒಂದೇ, ರೋಗ ತಡೆಯುವ ಶಕ್ತಿಯನ್ನು ಬೀಜದ ಒಳಗೇ ಇಟ್ಟು ಕೊಡುವುದು. ಅದಕ್ಕೆ ರೋಗ ತಡೆಯುವ ರಾಗಿಯನ್ನೂ ಚೆನ್ನಾಗಿ ಬೆಳೆಯುವ ರಾಗಿಯನ್ನೂ ಕೂಡಿಸಬೇಕು. ಕಷ್ಟ ಶುರುವಾಗುವುದೇ ಇಲ್ಲಿ.

ರಾಗಿ ಹೂವು ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಗಂಡು-ಹೆಣ್ಣು ಎರಡೂ ಅದೇ ಹೂವಿನಲ್ಲಿ. ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವದೊಳಗೆ. ಹೊರಗಿನ ಪರಾಗ ಬಂದು ಬೀಳುವ ಮೊದಲೇ ತನ್ನದೇ ಪರಾಗದಿಂದ ಕಾಳು ಕಟ್ಟುವ ಕೆಲಸ ಮುಗಿದಿರುತ್ತದೆ. ಹೀಗಾಗಿ ಇನ್ನೊಂದು ಗಿಡದ ಜೊತೆ ಅದನ್ನು ಸೇರಿಸುವುದು ಮಹಾ ಕಷ್ಟ. ತಜ್ಞರು ಇದಕ್ಕೊಂದು ಉಪಾಯ ಕಂಡುಕೊಂಡರು. ತಾಯಿ ಗಿಡದ ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಕೆಲವೇ ನಿಮಿಷ ಅದ್ದುವುದು. ಪರಾಗ ಸಾಯುತ್ತದೆ, ಹೆಣ್ಣು ಭಾಗ ಬದುಕಿರುತ್ತದೆ. ಆಮೇಲೆ ತಂದೆ ಗಿಡದ ತೆನೆಯನ್ನು ಅದಕ್ಕೆ ಒತ್ತಿ ಕಟ್ಟುವುದು. ಸೇರಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ತಾಯಿ ಹಸಿರು ಗಿಡ, ತಂದೆ ನೇರಳೆ ಬಣ್ಣದ ಗಿಡ ಆಗಿದ್ದರೆ, ಮೊಳೆತ ಸಸಿಗಳಲ್ಲಿ ನೇರಳೆ ಬಣ್ಣ ಕಂಡರೆ ಗೆದ್ದ ಹಾಗೆ. ಎಂಜಿನಿಯರಿಂಗ್ ಓದಿದವಳಾಗಿ ಹೇಳ್ತೀನಿ, ಇಷ್ಟು ಚೊಕ್ಕವಾದ ಟೆಸ್ಟಿಂಗ್ ನಮ್ಮ ಲ್ಯಾಬಲ್ಲೂ ನೋಡಿರಲಿಲ್ಲ.

ಈ ಕೆಲಸದಲ್ಲಿ ಜೀವ ಸವೆಸಿದ ಒಬ್ಬರ ಹೆಸರು ನಿಮಗೆ ಗೊತ್ತಿರಬೇಕು. ಸಿ.ಎಚ್. ಲಕ್ಷ್ಮಣಯ್ಯ. ಮಂಡ್ಯದ ವಿ.ಸಿ. ಫಾರಂನಲ್ಲಿದ್ದ ರಾಗಿ ವಿಜ್ಞಾನಿ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಇವೆಲ್ಲ ಅವರು ಕೊಟ್ಟ ತಳಿಗಳು. 1960ರ ದಶಕದಲ್ಲಿ ಅವರು ಆಫ್ರಿಕಾದ ರಾಗಿಯ ಕಡೆ ತಿರುಗಿದರು. ಅಲ್ಲಿನ ರಾಗಿಗೆ ದಪ್ಪ ಕಾಂಡ, ದಪ್ಪ ಇಲುಕು, ರೋಗ ತಡೆಯುವ ಗುಣ. ಆದರೆ ಕೊಯ್ಲಿಗೆ ಬರುವುದು ತಡ. ನಮ್ಮ ರಾಗಿಗೆ ನಮ್ಮ ಮಳೆಯ ಲೆಕ್ಕ ಗೊತ್ತು, ಆದರೆ ಬೆಂಕಿ ರೋಗಕ್ಕೆ ಬಗ್ಗುತ್ತದೆ. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಈ ಎರಡು ಸಂಸಾರಗಳನ್ನು ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ಮತ್ತೆ ಒಂದು ಮಾಡಿದರು. ಹೀಗೆ ಬಂದ ತಳಿಗಳಿಗೆ ಇಂಡಾಫ್ ಅಂತ ಹೆಸರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಬೀಜದ ಹೆಸರಲ್ಲೇ ಎರಡು ಖಂಡಗಳಿವೆ, ನೋಡಿ!

ಇನ್ನು ನಮ್ಮ ಯಜಮಾನರ ಜಿಪಿಯು-28ಕ್ಕೆ ಬರೋಣ. ಇದು ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ಆದ ತಳಿ. ಅದರ ವಂಶವೃಕ್ಷ ಹೀಗಿದೆ: ಒಂದು ಕಡೆ ಇಂಡಾಫ್-5. ಇನ್ನೊಂದು ಕಡೆ, ಇಂಡಾಫ್-9ನ್ನು ಐಇ 1012 ಎಂಬ ಆಫ್ರಿಕಾ ಮೂಲದ ರಾಗಿಯೊಡನೆ ಸೇರಿಸಿ ಪಡೆದ ಗಿಡ. ಅಂದರೆ ಮಂಡ್ಯದಲ್ಲಿ ಒಬ್ಬರು ಇಟ್ಟ ಕಲ್ಲಿನ ಮೇಲೆ ಬೆಂಗಳೂರಿನಲ್ಲಿ ಇನ್ನೊಬ್ಬರು ಗೋಡೆ ಕಟ್ಟಿದರು. ಬೆಂಕಿ ರೋಗ ತಡೆಯುವ ಈ ತಳಿ 1990ರ ದಶಕದಲ್ಲಿ ರೈತರ ಕೈಗೆ ಬಂತು. ರಾಜ್ಯದ ರಾಗಿ ಸೀಮೆಯಲ್ಲಿ ಅದರ ಹೆಸರು ಕೇಳದ ಊರು ಕಡಿಮೆ. ಹರಡಿದ್ದು ಜಾಹೀರಾತಿನಿಂದ ಅಲ್ಲ. ಭಾವನ ಮನೆಯಿಂದ ಎರಡು ಸೇರು, ಪಕ್ಕದೂರಿನ ನೆಂಟರಿಂದ ನಾಲ್ಕು ಸೇರು. ಹೀಗೆ ಕೈಯಿಂದ ಕೈಗೆ.

ಇದರಿಂದ ಆದದ್ದೇನು? 1950ರ ದಶಕದಲ್ಲಿ ದೇಶದಲ್ಲಿ ಇಪ್ಪತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಜಮೀನಿನಲ್ಲಿ ರಾಗಿ ಇತ್ತು. ಈಗ ಅದು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿದೆ. ಆದರೆ ರಾಗಿ ಉತ್ಪಾದನೆ ಅರ್ಧಕ್ಕೆ ಇಳಿಯಲಿಲ್ಲ. ಕಡಿಮೆ ನೆಲ ಹೆಚ್ಚು ಕಾಳು ಕೊಟ್ಟಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದರ ಎರಡು ಪಟ್ಟಿಗಿಂತ ಜಾಸ್ತಿ. ಹಾಲು ಕೊಳ್ಳಲಾಗದ ಮನೆಯ ಮಗುವಿಗೆ ಇದು ಸಣ್ಣ ಮಾತಲ್ಲ.

ಈಗ ಅಸಲಿ ಪ್ರಶ್ನೆ. ಇಷ್ಟೊಳ್ಳೆ ಬೆಳೆಯ ಮೇಲೆ ಕಂಪನಿಗಳು ಯಾಕೆ ಮುಗಿಬೀಳುತ್ತಿಲ್ಲ?

ಉತ್ತರ ಆ ಪುಟ್ಟ ಹೂವಿನಲ್ಲೇ ಇದೆ. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗಾಗಿ ಒಂದು ಸಲ ಬೀಜ ತಂದ ರೈತ ತನ್ನ ಬೆಳೆಯಲ್ಲೇ ಬೀಜ ಎತ್ತಿಟ್ಟುಕೊಂಡು ವರ್ಷಗಟ್ಟಲೆ ಬಿತ್ತಬಹುದು. ಹೈಬ್ರಿಡ್ ಮೆಕ್ಕೆಜೋಳದಂತೆ ಪ್ರತಿ ವರ್ಷ ಅಂಗಡಿಗೆ ಹೋಗಬೇಕಿಲ್ಲ. ರೈತನಿಗೆ ಇದು ವರ. ವ್ಯಾಪಾರಿಗೆ? ಒಂದೇ ಸಲ ಬರುವ ಗಿರಾಕಿ. ಶ್ರೀಮಂತ ದೇಶಗಳು ಇದನ್ನು ತಿನ್ನುವುದೂ ಇಲ್ಲ. ಭತ್ತಕ್ಕೆ ಫಿಲಿಪ್ಪೀನ್ಸ್‌ನಲ್ಲಿ 1960ರಲ್ಲೇ ಅಂತರರಾಷ್ಟ್ರೀಯ ಸಂಸ್ಥೆ ಬಂತು, 1966ರಲ್ಲಿ ಐಆರ್-8 ತಳಿ ಕೊಟ್ಟು ಏಷ್ಯಾದ ಹೊಟ್ಟೆ ತುಂಬಿಸಿತು. ಗೋಧಿಗೆ ನಾರ್ಮನ್ ಬೋರ್ಲಾಗ್ ಇದ್ದರು. ರಾಗಿಗೆ ಇದ್ದದ್ದು ಸರ್ಕಾರಿ ಫಾರಂ, ಸರ್ಕಾರಿ ಸಂಬಳದ ಕೆಲವು ವಿಜ್ಞಾನಿಗಳು. ಆಮೇಲೆ 1972ರಲ್ಲಿ ಹೈದರಾಬಾದ್ ಬಳಿ ಪಟಾಂಚೆರುವಿನಲ್ಲಿ ಶುರುವಾದ ಇಕ್ರಿಸ್ಯಾಟ್. ಅಲ್ಲಿನ ಬೀಜ ಬ್ಯಾಂಕಿನಲ್ಲಿ ಆಫ್ರಿಕಾ, ಏಷ್ಯಾದ ಸಾವಿರಾರು ರಾಗಿ ಮಾದರಿಗಳನ್ನು ತಣ್ಣಗೆ ಕಾಪಾಡಿ ಇಟ್ಟಿದ್ದಾರೆ. ಲಾಭ ಇಲ್ಲದ ಬೆಳೆಯ ಸಂಶೋಧನೆಯನ್ನು ತೆರಿಗೆ ಹಣದಲ್ಲಿ ಮಾಡದಿದ್ದರೆ ಮತ್ತೆ ಯಾರೂ ಮಾಡುವುದಿಲ್ಲ.

ಒಂದು ತಳಿ ಆಗಲು ಹತ್ತು-ಹನ್ನೆರಡು ವರ್ಷ ಬೇಕು. ಒಂದು ಸರ್ಕಾರದ ಅವಧಿ ಐದು ವರ್ಷ. ನಮ್ಮ ಬ್ರೇಕಿಂಗ್ ನ್ಯೂಸ್‌ನ ಆಯಸ್ಸು ಅರ್ಧ ಗಂಟೆ. ಫಾರಂನಲ್ಲಿ ಒಬ್ಬ ವಿಜ್ಞಾನಿ ನಿವೃತ್ತರಾಗಿ ಆ ಕುರ್ಚಿ ಖಾಲಿ ಉಳಿದರೆ ಅದು ಯಾವ ಚಾನೆಲ್‌ನಲ್ಲೂ ಸುದ್ದಿ ಆಗುವುದಿಲ್ಲ. ನಮ್ಮಲ್ಲೂ ಆಗಿಲ್ಲ, ಒಪ್ಪಿಕೊಳ್ತೀನಿ. ಅದರ ಪರಿಣಾಮ ಹೊಲದಲ್ಲಿ ಕಾಣುವುದು ಹತ್ತು ವರ್ಷದ ನಂತರ. ಆಗ ನಾವು ಮೈಕ್ ಹಿಡಿದು ಓಡಿ ಹೋಗ್ತೀವಿ.

ಆ ದಿನ ಲೈವ್ ಮುಗಿದ ಮೇಲೆ ಯಜಮಾನರು ನನ್ನನ್ನು ಕರೆದು ಕೇಳಿದ್ದರು: "ಮೊದಮೊದಲು ಇದಕ್ಕೆ ಬೆಂಕಿ ರೋಗ ಅಂಟ್ತಿರ್ಲಿಲ್ಲ. ಈಗೀಗ ನಮ್ಮ ಹೊಲದಾಗೆ ಅಲ್ಲೊಂದು ಇಲ್ಲೊಂದು ತೆನೆ ಜೊಳ್ಳಾಗ್ತೈತೆ. ಇದಕ್ಕಿಂತ ಚೆಂದಾಗಿರೋದು ಯಾವಾಗ ಬತ್ತೈತವ್ವ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅರ್ಧ ಉತ್ತರ ಇದೆ. ಯಜಮಾನ್ರೇ, ಎಂ.ಆರ್.-6, ಎಂ.ಎಲ್.-365, ಕೆ.ಎಂ.ಆರ್.-301 ಅಂತ ಬೇರೆ ತಳಿಗಳೂ ಬಂದಿವೆ, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಮಳೆಗೆ ಯಾವುದು ಹೊಂದುತ್ತದೆ ಅಂತ ಕೇಳಿ. ಶಿಲೀಂಧ್ರವೂ ಸುಮ್ಮನೆ ಕೂರುವುದಿಲ್ಲ, ವೇಷ ಬದಲಿಸಿ ಮತ್ತೆ ಬರುತ್ತೆ. ಅದಕ್ಕೇ ಬಿತ್ತನೆ ಹೇಗೆ ಪ್ರತಿ ವರ್ಷವೋ ಸಂಶೋಧನೆಯೂ ಪ್ರತಿ ವರ್ಷ ನಡೆಯಬೇಕು. ಉಳಿದ ಅರ್ಧ ಉತ್ತರವನ್ನು ಬಜೆಟ್ ಬರೆಯುವವರು ಕೊಡಬೇಕು. ಮುಂದಿನ ಬಜೆಟ್ ದಿನ ಬೆಂಬಲ ಬೆಲೆ ಎಷ್ಟು ಅಂತ ಖಂಡಿತ ಕೇಳ್ತೀನಿ. ಜೊತೆಗೆ ರಾಗಿ ಸಂಶೋಧನೆಗೆ ಎಷ್ಟು ಇಟ್ಟಿರಿ, ಎಷ್ಟು ಹುದ್ದೆ ತುಂಬಿದಿರಿ ಅಂತಲೂ ಕೇಳ್ತೀನಿ. ನಾನು ಮರೆತರೆ ನೀವು ನೆನಪಿಸಿ.

ಆ ಒಂದು ಹಿಡಿ ರಾಗಿ ನನ್ನ ಮೇಜಿನ ಮೇಲೆ, ಕಂಪ್ಯೂಟರ್ ಪಕ್ಕದಲ್ಲೇ ಒಂದು ಡಬ್ಬಿಯಲ್ಲಿದೆ.