ಕಾಸಿನ ಸದ್ದಿನಿಂದ ಹುಟ್ಟಿದ ತಾಳ

ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊ, 1972. ಚಿಲ್ಲರೆ ನಾಣ್ಯಗಳ ಝಣಝಣ, ಕಾಗದ ಹರಿಯುವ ಸದ್ದು, ಗಲ್ಲಾಪೆಟ್ಟಿಗೆ ಯಂತ್ರದ ಟಿಣ್ ದನಿ. ಇವನ್ನೆಲ್ಲ ಟೇಪಿನಲ್ಲಿ ಹಿಡಿದು, ಒಂದೊಂದು ತುಣುಕನ್ನೂ ಅಳತೆಪಟ್ಟಿಯಿಟ್ಟು ಕತ್ತರಿಸಿ, ಅಂಟಿಸಿ, ಬಳೆಯಂತೆ ಸುತ್ತಿಸಿದರು. ಏಳು ಸದ್ದು, ಏಳು ಮಾತ್ರೆ. ‘ಮನಿ’ ಹಾಡಿನ ಆರಂಭ ರೂಪುಗೊಂಡದ್ದು ಹಾಗೆ. ಕಂಪ್ಯೂಟರ್ ನೆರವಿಲ್ಲದ ಅಪ್ಪಟ ಕೈಕೆಲಸ ಅದು.

ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ಹಾಡಿದು. ದುಡ್ಡು, ಕಾಲ, ಸಾವು, ಹುಚ್ಚು: ಮನುಷ್ಯನನ್ನು ಹಿಂಡುವ ಸಂಗತಿಗಳೇ ಆಲ್ಬಮ್ಮಿನ ವಸ್ತು. ರೆಕಾರ್ಡಿಂಗಿಗೆ ಮುನ್ನವೇ ತಂಡ ಇಡೀ ಆಲ್ಬಮ್ಮನ್ನು ವೇದಿಕೆಯಲ್ಲಿ ನುಡಿಸಿ ಪಳಗಿಸಿಕೊಂಡಿತ್ತು.

ಸಾವಿನ ಕುರಿತ ಭಾಗದಲ್ಲಿ ಸಾಹಿತ್ಯವೇ ಇಲ್ಲ. ಗಾಯಕಿ ಕ್ಲೇರ್ ಟಾರಿ ನಮ್ಮ ಆಲಾಪದಂತೆ ಬರೀ ದನಿಯಲ್ಲೇ ಅಳಲು ತೋಡಿಕೊಂಡರು. ಆಗ ಸಿಕ್ಕ ಸಂಭಾವನೆ 30 ಪೌಂಡ್. ಸಹರಚನೆಯ ಮನ್ನಣೆ ದೊರೆತದ್ದು ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, 2005ರ ರಾಜಿಯಲ್ಲಿ.

1973ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತೆಯ ಪಟ್ಟಿಯ ಅಗ್ರಸ್ಥಾನದಲ್ಲಿದ್ದದ್ದು ಒಂದೇ ವಾರ. ಆದರೆ 1988ರ ಹೊತ್ತಿಗೆ ಆ ಪಟ್ಟಿಯಲ್ಲಿ ಒಟ್ಟು 741 ವಾರ ಕಳೆದಿತ್ತು! ಈ ಆಲ್ಬಮ್ಮನ್ನು ಬಿಡಿಬಿಡಿ ಹಾಡುಗಳಾಗಿ ಕೇಳಬೇಡಿ. ದೀಪ ಆರಿಸಿ, ಸುಮಾರು 43 ನಿಮಿಷ ಒಂದೇ ಪಟ್ಟಿಗೆ ಕೂತು ಕೇಳಿ.