ಮೇಣ, ತಾಮ್ರ, ರೇಷ್ಮೆ: ಎಸ್. ಜಿ. ವಾಸುದೇವರ ಕಲಾಸಾಧನೆ

ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಕಡಲತಡಿಯ ಹಾದಿಯಲ್ಲಿ ಇಂಜಂಬಾಕ್ಕಂ ಎಂಬ ಊರಿದೆ. ಅಲ್ಲಿರುವ ಚೋಳಮಂಡಲ ಕಲಾಗ್ರಾಮದ ಹೆಸರನ್ನು ಕೇಳದ ಚೆನ್ನೈ ಕನ್ನಡಿಗರು ವಿರಳ. ಆದರೆ ಅದನ್ನು ಕಟ್ಟಿದವರಲ್ಲಿ ಮೈಸೂರಿನ ತರುಣರೊಬ್ಬರೂ ಇದ್ದರೆಂಬುದನ್ನು ಬಲ್ಲವರು ಅಷ್ಟು ಮಂದಿ ಇರಲಾರರು.

1941ರಲ್ಲಿ ಮೈಸೂರಿನಲ್ಲಿ ಜನಿಸಿದ ಎಸ್. ಜಿ. ವಾಸುದೇವ್ ಅವರು 1960ರ ದಶಕದಲ್ಲಿ ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿದರು. ಆಗ ಅಲ್ಲಿ ಪ್ರಾಂಶುಪಾಲರಾಗಿದ್ದವರು ಕೆ. ಸಿ. ಎಸ್. ಪಣಿಕ್ಕರ್. ಶಾಲೆ ಬಿಟ್ಟ ಕಲಾವಿದನ ಹೊಟ್ಟೆಪಾಡೇನು ಎಂಬುದು ಪಣಿಕ್ಕರರನ್ನು ಕಾಡುತ್ತಿದ್ದ ಪ್ರಶ್ನೆ. ನವ್ಯ ಚಿತ್ರಗಳನ್ನು ಕೊಳ್ಳುವವರು ಬೆರಳೆಣಿಕೆಯಷ್ಟಿದ್ದ ಕಾಲವದು. ಚಿತ್ರವನ್ನು ಮಾರಿಯೇ ಬದುಕಬೇಕೆಂದು ಹೊರಟರೆ ಕುಂಚವನ್ನು ಕೊಳ್ಳುವವನ ಅಭಿರುಚಿಗೆ ಒತ್ತೆಯಿಡಬೇಕಾಗುತ್ತದೆ. ಬಡ್ಡಿ ಬೆಳೆದಂತೆ ಆ ಒತ್ತೆಯನ್ನು ಬಿಡಿಸಿಕೊಳ್ಳುವುದು ಸುಲಭವಲ್ಲ. ಗುರುಶಿಷ್ಯರು ಕಂಡುಕೊಂಡ ದಾರಿಯೆಂದರೆ ಕರಕುಶಲ ಕಲೆ. ಬಾಟಿಕ್ ಬಟ್ಟೆ ಮೊದಲಾದವುಗಳನ್ನು ತಯಾರಿಸಿ ಮಾರಿದ ಹಣದ ಬಲದಿಂದ 1966ರಲ್ಲಿ ಇಂಜಂಬಾಕ್ಕಂನಲ್ಲಿ ಭೂಮಿಯನ್ನು ಕೊಂಡರು. ಕಸುಬು ಅನ್ನ ನೀಡಿತು. ಚಿತ್ರ ಸ್ವತಂತ್ರವಾಗಿ ಉಳಿಯಿತು.

ಆದರೆ ಕಸುಬು ಅನ್ನಕ್ಕಷ್ಟೇ ಸೀಮಿತವಾಯಿತೆನ್ನಲಾಗದು. ಬಾಟಿಕ್‌ನಲ್ಲಿ ಕರಗಿದ ಮೇಣದಿಂದ ಬಟ್ಟೆಯ ಮೇಲೆ ಗೆರೆಯೆಳೆದು ಬಣ್ಣದಲ್ಲಿ ಅದ್ದುತ್ತಾರೆ. ಮೇಣವಿದ್ದೆಡೆ ಬಣ್ಣ ಹಿಡಿಯದು. ಅದನ್ನು ತೆಗೆದಾಗ ಅಡಗಿದ್ದ ನೆಲ ಮೇಲೆದ್ದು ಬರುತ್ತದೆ. ವಾಸುದೇವರ ತೈಲಚಿತ್ರಗಳನ್ನು ಹತ್ತಿರದಿಂದ ನೋಡಿದವರಿಗೆ ಇದೇ ನೆನಪಾದರೆ ಆಶ್ಚರ್ಯವಿಲ್ಲ. ಅವರು ಬಣ್ಣದ ಮೇಲೆ ಬಣ್ಣ ಹಚ್ಚಿ, ಮೇಲ್ಪದರವನ್ನು ಕೆರೆದು ಗೆರೆಯನ್ನು ಹೊರತೆಗೆಯುತ್ತಾರೆ. ಅಲ್ಲಿ ಮರವೋ ಮುಖವೋ ಮೂಡುತ್ತದೆ. ಮರುಕ್ಷಣ ಬರಿಯ ಬಣ್ಣವಾಗಿ ಕರಗುತ್ತದೆ. ಇದನ್ನು ಪೂರ್ಣ ಅಮೂರ್ತವೆನ್ನಲೂ ಬಾರದು, ರೂಪಚಿತ್ರವೆನ್ನಲೂ ಬಾರದು.

'ವೃಕ್ಷ' ಮಾಲಿಕೆಯ ಹಿಂದೆ ಬೇಂದ್ರೆಯವರ ಕಾವ್ಯದ ಪ್ರೇರಣೆಯಿದೆ. ಮದರಾಸಿನಲ್ಲಿ ನೆಲೆಸಿದ್ದರೂ ಅವರ ಕಲ್ಪನೆಯ ಬೇರು ಕನ್ನಡದಲ್ಲಿತ್ತು. 1970ರ 'ಸಂಸ್ಕಾರ' ಚಲನಚಿತ್ರದ ಕಲಾನಿರ್ದೇಶನವೂ ಅವರದೇ. ತಾಮ್ರದ ತಗಡಿನ ಉಬ್ಬುಕೆಲಸದಲ್ಲಿ ಅವರ ಗೆರೆ ಬೇರೊಂದು ಗುಣವನ್ನು ತಳೆಯಿತು. ಲೋಹವು ಕೈಗೆ ಎದುರು ನಿಲ್ಲುತ್ತದೆ. ಬಣ್ಣದಂತೆ ಹರಿಯದು, ಬಡಿದಷ್ಟೇ ಏಳುತ್ತದೆ.

1980ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಮರಳಿದ ಅವರು ಮುಂದೆ ನುರಿತ ನೇಕಾರ ಸುಬ್ಬರಾಯುಲು ಅವರೊಡಗೂಡಿ ರೇಷ್ಮೆಯಲ್ಲಿ ಚಿತ್ರ ನೇಯಿಸತೊಡಗಿದರು. ಇಲ್ಲಿ ಕುಂಚದ ಒಂದೆಳೆತಕ್ಕೆ ಅವಕಾಶವಿಲ್ಲ. ಕ್ಷಣದಲ್ಲಿ ಬಳಿದ ಬಣ್ಣವನ್ನು ಮಗ್ಗದ ಮೇಲೆ ಎಳೆಯೆಳೆಯಾಗಿ ತುಂಬಬೇಕು. ಮೂಲಚಿತ್ರ ಕಲಾವಿದನದಾದರೂ ಹೊಕ್ಕಿನ ನಿರ್ಣಯ ನೇಕಾರನದು. ತನ್ನ ಗೆರೆಯನ್ನು ಹೀಗೆ ಮತ್ತೊಬ್ಬರ ಕೈಗೆ ಒಪ್ಪಿಸಲು ಎಷ್ಟು ಮಂದಿ ಕಲಾವಿದರಿಗೆ ಮನಸ್ಸು ಬಂದೀತು?

2018ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಸಮಗ್ರ ಸಾಧನೆಯ ಪ್ರದರ್ಶನ ಏರ್ಪಟ್ಟಿತ್ತು. ಚೆನ್ನೈ ವಾಸಿಗಳು ಅಷ್ಟು ದೂರ ಹೋಗಬೇಕಿಲ್ಲ. ಕಲಾಗ್ರಾಮದಲ್ಲಿ ಮದರಾಸು ಪಂಥದ ಕೃತಿಗಳ ಸಂಗ್ರಹಾಲಯವಿದೆ. ರಜೆಯ ದಿನ ಮಹಾಬಲಿಪುರಕ್ಕೆ ಹೋಗುವ ಬಂಧುಗಳನ್ನು ದಾರಿಯಲ್ಲಿ ಒಂದು ಗಂಟೆ ಅಲ್ಲಿ ಇಳಿಸಿದರೆ ಸಾಕು.