ಅಂಟದ ಮೈಯನ್ನು ಅರಸಿ

ನಂಜನಗೂಡನ್ನು ಹಿಂದಿಕ್ಕಿ ಗುಂಡ್ಲುಪೇಟೆಯ ಕಡೆಗೆ ಸಾಗುವ ಹೆದ್ದಾರಿಯ ಮೇಲೆ, ಅರಿಸಿನ ಬಾಳೆ ಚೆಂಡುಹೂಗಳ ಹೊಲಗಳ ನಡುವೆ ನೆಲೆಸಿರುವ ಬೇಗೂರಿನಂತಹ ಊರಿನಲ್ಲಿ, ಸೂಕ್ಷ್ಮಜೀವಶಾಸ್ತ್ರದ ಗಹನವಾದೊಂದು ಸಮಸ್ಯೆಯು ಎರಡು ಸಾಮಾನ್ಯ ವಸ್ತುಗಳಲ್ಲಿ ದಿನವೂ ಮೈದೋರುತ್ತದೆಂದರೆ ಅತಿಶಯೋಕ್ತಿಯಾಗಲಾರದು. ಒಂದು ಹಾಲಿನ ಕ್ಯಾನು. ಇನ್ನೊಂದು ಹನಿ ನೀರಾವರಿಯ ಕಪ್ಪು ಪೈಪು. ತೊಳೆದಿಟ್ಟ ಕ್ಯಾನಿನ ಮುಚ್ಚಳದ ರಬ್ಬರಿನ ಸಂದಿನಲ್ಲಿ ಬೆರಳಿಗೆ ಹತ್ತುವ ಜಿಡ್ಡೂ, ಹನಿಯ ಕಂಡಿ ಕಟ್ಟಿತೆಂದು ರೈತನು ಪೈಪಿನ ತುದಿ ಬಿಚ್ಚಿ ನೀರು ಹಾಯಿಸಿದಾಗ ಹೊರಬೀಳುವ ಕಂದು ಲೋಳೆಯೂ ಒಂದೇ ಕುಲಕ್ಕೆ ಸೇರಿದುವು. ಎರಡೂ ಬ್ಯಾಕ್ಟೀರಿಯಗಳು ತಮಗಾಗಿ ತಾವೇ ಕಟ್ಟಿಕೊಂಡ ವಸತಿಗಳು.

ಬ್ಯಾಕ್ಟೀರಿಯವೆಂದರೆ ನೀರಿನಲ್ಲಿ ಒಂಟಿಯಾಗಿ ಈಜಾಡುವ ಜೀವಿಯೆಂಬ ಭಾವನೆ ಬಹುಕಾಲ ಪ್ರಯೋಗಶಾಲೆಗಳನ್ನು ಆಳಿತು. 1943ರಲ್ಲಿ ಅಮೆರಿಕದ ಕ್ಲಾಡ್ ಜೋಬೆಲ್ ಎಂಬ ವಿಜ್ಞಾನಿಯು, ಸೀಸೆಯಲ್ಲಿಟ್ಟ ಕಡಲ ನೀರಿನ ಬ್ಯಾಕ್ಟೀರಿಯಗಳು ನೀರಿಗಿಂತ ಸೀಸೆಯ ಗೋಡೆಯನ್ನೇ ಹೆಚ್ಚಾಗಿ ಆಶ್ರಯಿಸುವುದನ್ನು ವಿವರಿಸಿದನು. ಆ ಮಾತಿಗೆ ಸಲ್ಲಬೇಕಾದ ಗಮನ ಸಂದದ್ದು ತಡವಾಗಿ. 1978ರಲ್ಲಿ ಕೆನಡದ ಕಾಸ್ಟರ್ಟನ್ ಮತ್ತು ಅವರ ಸಂಗಡಿಗರು ಬ್ಯಾಕ್ಟೀರಿಯಗಳು ಅಂಟಿಕೊಳ್ಳುವ ಬಗೆಯನ್ನು ಸಾಮಾನ್ಯ ಓದುಗರಿಗೂ ತಿಳಿಯುವಂತೆ ಬರೆದ ಬಳಿಕವೇ ಲೋಳೆಯ ಈ ಪದರವು ಗಂಭೀರವಾದ ಅಧ್ಯಯನಕ್ಕೆ ವಿಷಯವಾಯಿತು.

ಅಂಟುವ ಕ್ರಿಯೆಯು ಹೇಗೆ ನಡೆಯುತ್ತದೆ? ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಗಾತ್ರವುಳ್ಳ ಈ ಜೀವಿಯ ಹೊರಮೈಯಲ್ಲಿ ಸಾಮಾನ್ಯವಾಗಿ ಋಣವಿದ್ಯುದಂಶವಿರುತ್ತದೆ. ನೀರಿನಲ್ಲಿ ಮುಳುಗಿದ ಅನೇಕ ವಸ್ತುಗಳ ಮೈಯಲ್ಲಿಯೂ ಅದೇ. ಸಜಾತೀಯ ವಿದ್ಯುದಂಶಗಳು ವಿಕರ್ಷಿಸುವುದರಿಂದ ಅದು ಮೊದಲು ಸ್ವಲ್ಪ ದೂರದಲ್ಲಿಯೇ ತಡೆಯುತ್ತದೆ, ಆದರೆ ಅಣುಗಳ ನಡುವಣ ಮಂದವಾದ ಆಕರ್ಷಣೆಯಿಂದಲೂ ತನ್ನ ರೋಮಸದೃಶವಾದ ತಂತುಗಳನ್ನು ಮುಂಚಾಚುವುದರಿಂದಲೂ ಆ ಅಂತರವನ್ನು ದಾಟಿಬಿಡುತ್ತದೆ. ಈ ಹಂತದಲ್ಲಿ ಹರಿಯುವ ನೀರು ಅದನ್ನು ಕಿತ್ತೊಯ್ಯಬಲ್ಲದು. ಅನಂತರ ಶರ್ಕರಗಳು, ಪ್ರೋಟೀನುಗಳು, ಡಿಎನ್‌ಎ ಇವುಗಳಿಂದ ಕೂಡಿದ ಅಂಟನ್ನು ಸ್ರವಿಸಿ ಸಂತತಿಯೊಡನೆ ಬೇರೂರಿತೆಂದರೆ ಔಷಧವೂ ಒಳಹೊಗಲು ತಿಣುಕುತ್ತದೆ. ಒಂಟಿ ಕೋಶವನ್ನು ಕೊಲ್ಲುವ ಪ್ರಮಾಣಕ್ಕಿಂತ ಸಾವಿರ ಪಟ್ಟು ಹೆಚ್ಚು ಔಷಧವನ್ನು ಲೋಳೆಯೊಳಗಿನ ಕೋಶವು ಸಹಿಸಿಕೊಳ್ಳುವುದೂ ಉಂಟು. ಆದಕಾರಣ ಯುದ್ಧವನ್ನು ಮೊದಲ ಕೆಲವು ಗಂಟೆಗಳಲ್ಲಿಯೇ ಗೆಲ್ಲಬೇಕೆಂಬುದು, ಬ್ಯಾಕ್ಟೀರಿಯ ಅಂಟದಂತೆ ವಸ್ತುಗಳ ಮೈಗೆ ಲೇಪ ಹಚ್ಚುವ ಲೇಪನಕಾರರ ನೀತಿ.

ಇಲ್ಲಿ ಒಂದು ತೊಡಕಿದೆ, ಅದೇ ಈ ಶಾಸ್ತ್ರದ ಸ್ವಾರಸ್ಯವೂ ಹೌದು. ಬ್ಯಾಕ್ಟೀರಿಯವು ನಿಜವಾಗಿ ಎದುರಾಗುವುದು ಉಕ್ಕಿಗಾಗಲಿ ಸಿಲಿಕೋನಿಗಾಗಲಿ ಅಲ್ಲ. ಹಾಲು ತಾಕಿದ ಕ್ಷಣದಿಂದಲೇ ಕ್ಯಾನಿನ ಒಳಮೈಯನ್ನು ಹಾಲಿನ ಪ್ರೋಟೀನು ಮುಸುಕಲಾರಂಭಿಸುತ್ತದೆ. ರಕ್ತದಲ್ಲಿಟ್ಟ ನಳಿಕೆಯನ್ನು ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನು ಆವರಿಸುತ್ತದೆ. ಹುಣ್ಣುಗಳಿಗೆ ಕೀವು ತರುವ ಸ್ಟ್ಯಾಫಿಲೋಕಾಕಸ್ ಔರಿಯಸ್ ಆ ಫೈಬ್ರಿನೋಜನ್ನನ್ನು ಗುರುತಿಸಿ ಹಿಡಿಯುವ ವಿಶೇಷ ಅಣುಗಳನ್ನೇ ಪಡೆದಿದೆ. ಹೀಗಿರುವಾಗ ಲೇಪವು ಬ್ಯಾಕ್ಟೀರಿಯವನ್ನು ದೂರವಿಡಬೇಕಾದರೆ ಅದಕ್ಕೂ ಮುನ್ನ ಪ್ರೋಟೀನನ್ನು ದೂರವಿಡಬೇಕು.

ಈ ಕಾರ್ಯವನ್ನು ಸಾಧಿಸುವ ಪಾಲಿಮರುಗಳಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಪ್ರಸಿದ್ಧವಾದುದು. ಅದರ ಉದ್ದವಾದ ಸರಪಳಿಗಳ ಒಂದು ತುದಿಯನ್ನು ಮೇಲ್ಮೈಗೆ ಕೂಡಿಸಿದರೆ ಅವು ನೀರು ನಿಂತ ಗದ್ದೆಯ ಪೈರಿನಂತೆ ದಟ್ಟವಾಗಿ ಎದ್ದು ನಿಂತು, ತಮ್ಮ ನಡುವೆ ನೀರನ್ನು ಹಿಡಿದಿಡುತ್ತವೆ. ಪ್ರೋಟೀನು ಅಲ್ಲಿ ನೆಲೆಯೂರಬೇಕಾದರೆ ಆ ನೀರನ್ನು ಹೊರದೂಡಿ ಸರಪಳಿಗಳನ್ನು ಅದುಮಬೇಕು. ಶಕ್ತಿಯ ಲೆಕ್ಕದಲ್ಲಿ ಅದು ನಷ್ಟದ ವ್ಯವಹಾರ. ಧನ ಋಣ ವಿದ್ಯುದಂಶಗಳೆರಡನ್ನೂ ಸಮಸಮನಾಗಿ ಹೊತ್ತ ದ್ವಿಧ್ರುವ ಪಾಲಿಮರುಗಳು ನೀರನ್ನು ಇನ್ನೂ ಬಿಗಿಯಾಗಿ ಕಟ್ಟುತ್ತವೆ. ಇವುಗಳಲ್ಲಿ ಒಂದು ವರ್ಗವು ನಮ್ಮ ಜೀವಕೋಶಗಳ ಹೊರಪೊರೆಯ ಅನುಕರಣವಾಗಿದ್ದು, ಕಣ್ಣಿನ ಮೇಲೆ ಧರಿಸುವ ಕೆಲವು ಸಂಪರ್ಕ ಮಸೂರಗಳಲ್ಲಿ ಈಗಾಗಲೇ ಬಳಕೆಯಲ್ಲಿದೆ.

ಎರಡನೆಯ ಪಂಥದವರು ಇಷ್ಟು ಸಾತ್ವಿಕರಲ್ಲ. ಬರಗೊಡದಿರುವುದಕ್ಕಿಂತ ಬಂದುದನ್ನು ಕೊಲ್ಲುವುದೇ ಲೇಸೆಂಬುದು ಅವರ ಮತ. ಅಮೆರಿಕದ ಎಂಐಟಿಯಲ್ಲಿ ಅಲೆಕ್ಸಾಂಡರ್ ಕ್ಲಿಬಾನೋವ್ ಅವರ ತಂಡವು 2001ರಲ್ಲಿ, ಧನವಿದ್ಯುದಂಶವುಳ್ಳ ಪಾಲಿಮರನ್ನು ಗಾಜಿಗೆ ಬೆಸೆದು, ಅದರ ಮೇಲೆ ಸಿಂಪಡಿಸಿದ ಸ್ಟ್ಯಾಫಿಲೋಕಾಕಸ್ ಔರಿಯಸ್ ಕೋಶಗಳಲ್ಲಿ ನೂರಕ್ಕೆ ಸುಮಾರು 94 ಸಾಯುವುದನ್ನು ತೋರಿಸಿತು. ವಿದ್ಯುದಂಶವು ಕೋಶವನ್ನು ಸೆಳೆಯುತ್ತದೆ, ಪಾಲಿಮರಿನ ಜಿಡ್ಡುಸ್ವಭಾವದ ಬಾಲಗಳು ಅದರ ಪೊರೆಯನ್ನು ಭೇದಿಸುತ್ತವೆ. ಆ ಪ್ರಯೋಗಶಾಲೆಯಲ್ಲಿ ದುಡಿದ ಜಯಂತ ಹಾಲ್ದಾರ್ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಪರಂಪರೆಯನ್ನು ಮುಂದುವರಿಸಿದ್ದಾರೆ. ಅವರ ತಂಡವು 2020ರಲ್ಲಿ ಪ್ರಕಟಿಸಿದ ದ್ರವ್ಯವು ನೇರಳಾತೀತ ಕಿರಣ ಬಿದ್ದೊಡನೆ ಹತ್ತಿಬಟ್ಟೆ, ಪಾಲಿಯುರೆಥೇನ್ ಮೊದಲಾದ ಮೈಗಳೊಡನೆ ರಾಸಾಯನಿಕವಾಗಿ ಬೆಸೆದುಕೊಂಡು, ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳನ್ನೂ ಇನ್‌ಫ್ಲುಯೆಂಜಾ ವೈರಸ್ಸನ್ನೂ ನಾಶಮಾಡುವಂತಹದು. ಬೆಸೆದುಕೊಂಡಿರುವುದರಿಂದ ಅದು ಕರಗಿ ಸೋರುವ ಭಯ ಕಡಮೆ.

ಆದರೂ ನನ್ನ ಒಲವು ಮೊದಲ ಪಂಥದ ಕಡೆಗೇ. ಕೊಂದ ಶವಗಳು ಎಲ್ಲಿಗೆ ಹೋಗಬೇಕು? ಅವು ಅಲ್ಲಿಯೇ ಉಳಿದು ಲೇಪವನ್ನು ಮುಚ್ಚಿದರೆ ಅನಂತರ ಬಂದವಕ್ಕೆ ಅವೇ ಮೆಟ್ಟಿಲಾಗುತ್ತವೆ. ಈ ಕೊರತೆಯನ್ನು ನೀಗಲು ಅಮೆರಿಕದ ಶಾವೊಯಿ ಜಿಯಾಂಗ್ ಮತ್ತು ಸಂಗಡಿಗರು 2008ರಲ್ಲಿ, ಮೊದಲು ಕೊಂದು, ಬಳಿಕ ನೀರಿನೊಡನೆ ವರ್ತಿಸಿ ದ್ವಿಧ್ರುವ ರೂಪಕ್ಕೆ ತಿರುಗಿ ಸತ್ತುದನ್ನು ಕಳಚಿಹಾಕುವ ಪಾಲಿಮರನ್ನು ರಚಿಸಿದರು. ಉಜ್ಜಿ ತೊಳೆಯಲು ಎಟಕುವ ಉಕ್ಕಿನ ಕ್ಯಾನಿಗೆ ಇಂತಹ ಲೇಪ ಬೇಕಿಲ್ಲ. ಬಿಸಿನೀರು, ಬ್ರಷ್ಷು ಮತ್ತು ಹಳೆಯದಾದೊಡನೆ ಬದಲಿಸುವ ರಬ್ಬರು ಸಾಕು. ಹೊಲದ ಪೈಪಿಗೂ ಕಾಲಕಾಲಕ್ಕೆ ಕ್ಲೋರಿನ್, ಆಮ್ಲಗಳನ್ನು ಹಾಯಿಸುವುದೇ ಅಗ್ಗ. ಕೈ ಎಟಕದ ಎಡೆಯಲ್ಲಿ ಲೇಪದ ಬೆಲೆ ತಿಳಿಯುತ್ತದೆ: ರೋಗಿಯ ಮೂತ್ರನಾಳದಲ್ಲಿ ದಿನಗಟ್ಟಲೆ ಉಳಿಯುವ ಕ್ಯಾಥೆಟರಿನಲ್ಲಿ.

ಅಲ್ಲಿಯೂ ಒಂದು ಬ್ಯಾಕ್ಟೀರಿಯ ಲೇಪನಕಾರರನ್ನು ಕಾಡುತ್ತದೆ. ಪ್ರೋಟಿಯಸ್ ಮಿರಾಬಿಲಿಸ್ ಯೂರಿಯೇಸ್ ಎಂಬ ಕಿಣ್ವದಿಂದ ಮೂತ್ರದ ಯೂರಿಯವನ್ನು ಒಡೆದು ಅಮೋನಿಯವನ್ನುಂಟುಮಾಡುತ್ತದೆ; ಮೂತ್ರವು ಕ್ಷಾರವಾದಂತೆ ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಫಾಸ್ಫೇಟು ಹರಳುಗಟ್ಟಿ ನಳಿಕೆಯ ಮೇಲೆ ಕೂರುತ್ತದೆ. ಲೇಪವನ್ನು ಮುಟ್ಟದೆಯೇ ಅದರ ಮೇಲೊಂದು ಕಲ್ಲಿನ ಹಾಸನ್ನು ಹಾಸಿ, ಅದರ ಮೇಲೆ ನೆಲೆಸುವ ಈ ಜೀವಿಯ ಮುಂದೆ ನೀರಿನ ಪೈರೂ ನಿಷ್ಪ್ರಯೋಜಕ, ವಿದ್ಯುದಂಶದ ಬಲೆಯೂ ನಿಷ್ಪ್ರಯೋಜಕ. ಆದುದರಿಂದ ಕೆಲವರು ಲೇಪದೊಳಗೆ ಯೂರಿಯೇಸನ್ನೇ ತಡೆಯುವ ದ್ರವ್ಯವನ್ನು ಸೇರಿಸಿ ಪರೀಕ್ಷಿಸುತ್ತಿದ್ದಾರೆ.